ಗಾಲ್ಫ್ ಮೈದಾನವೂ ನಮ್ಮವರೂ

ಹೋದ ವಾರದ ಟಪಾಲಿನಲ್ಲಿ ನಮಗೊಂದು ಪತ್ರ ಬಂದಿತು. ಬರೆದವರು ಹೆಸರನ್ನು ಕೊಟ್ಟಿಲ್ಲ. ಕೊಟ್ಟಿದ್ದರೂ ಅದನ್ನು ಇಲ್ಲಿ ಅಚ್ಚುಮಾಡುವ ಇಚ್ಛೆ ನಮಗಿರಲಿಲ್ಲ. ನಮ್ಮವರ ಸಂಘವೊಂದು ಏರ್ಪಡಿಸಿದ್ದ ಗಾಲ್ಫ್ ಪಂದ್ಯದ ಚಿತ್ರವನ್ನು ಈ ಪತ್ರಿಕೆಯ ಕ್ರೀಡಾಪುಟದಲ್ಲಿ ನಾಲ್ಕು ಕಾಲಮುಗಳ ಅಗಲಕ್ಕೆ ಪ್ರಕಟಿಸಿದುದು ಅವರ ಆಕ್ಷೇಪಣೆಗೆ ಕಾರಣ. “ಬೆಳಗಿನ ಐದಕ್ಕೆ ಎದ್ದು, ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಆ ಮೇಜುಗಳ ನಡುವೆಯೇ ಚಾಪೆ ಬಿಡಿಸುವವರೂ ಈ ಪತ್ರಿಕೆಯನ್ನು ಓದುತ್ತಾರೆಂಬುದು ಸಂಪಾದಕರಿಗೆ ಮರೆತುಹೋಯಿತೆ?” ಎಂದು ಅವರು ಕೇಳಿದ್ದಾರೆ. ಸಂಪಾದಕರೇ ಖುದ್ದು ಈ ಆಟವನ್ನು ಆಡುತ್ತಿರುವ ವರ್ತಮಾನವು ಪವಾಯಿಯ ಹೋಟೆಲೊಂದರ ಗಲ್ಲಾದ ಬಳಿ ತಮ್ಮ ಕಿವಿಗೆ ಬಿತ್ತೆಂದೂ ತಿಳಿಸಿದ್ದಾರೆ. ಕಡೆಯಲ್ಲಿ, ಸಹಿಯ ಸ್ಥಾನದಲ್ಲಿ ಇಷ್ಟೇ ಇದೆ: “ತಮ್ಮ ಎರಡನೆಯ ಹೋಟೆಲು ಮುಚ್ಚಿದ ದಿನ ಊರಿನ ಬಸ್ಸು ಹತ್ತಿದ ಹನ್ನೊಂದು ಜನರಲ್ಲಿ ಒಬ್ಬ.”

ಇಂಥ ಪತ್ರಕ್ಕೆ ವಾಚಕರ ಪತ್ರಗಳ ಅಂಕಣದ ಕೆಳಗೆ ಎರಡು ಸಾಲಿನ ಸಮಜಾಯಿಷಿ ಕೊಟ್ಟು ಸುಮ್ಮನಾಗಬಹುದಿತ್ತು. ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಆದುದರಿಂದ ಸಂಪಾದಕೀಯದ ‘ನಾವು’ ಎಂಬ ದೊಡ್ಡ ಮಾತಿನ ಹಿಂದೆ ಅಡಗದೆ, ಇಂದಿನ ಮಟ್ಟಿಗೆ ‘ನಾನು’ ಎಂದೇ ಬರೆಯುತ್ತೇನೆ.

ಹೌದು, ನಾನು ಗಾಲ್ಫ್ ಆಡುತ್ತೇನೆ. ಮೂರು ವರ್ಷಗಳಿಂದ ಆಡುತ್ತಿದ್ದೇನೆ. ಚೆನ್ನಾಗಿ ಆಡುತ್ತೇನೆಂದು ಯಾರಾದರೂ ಗಲ್ಲಾದ ಬಳಿ ಹೇಳಿದ್ದರೆ ಅದು ಮಾತ್ರ ಸುಳ್ಳು.

ಪವಾಯಿಯನ್ನು ಬಲ್ಲ ವಾಚಕರಿಗೆ ಅದರ ವರ್ಣನೆ ಬೇಕಾಗಿಲ್ಲ. 1891ರಲ್ಲಿ ಮುಂಬಯಿಯ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ. ಆ ನೀರು ಕುಡಿಯಲು ತಕ್ಕುದಲ್ಲವೆಂದು ಆಮೇಲೆ ತೀರ್ಮಾನವಾಯಿತು. ಕೆರೆಯ ಒಂದು ಮಗ್ಗುಲಿಗೆ ಐ.ಐ.ಟಿ.; 1959ರ ಮಾರ್ಚಿಯಲ್ಲಿ ಪಂಡಿತ ನೆಹರೂ ಅವರು ಅದರ ಅಸ್ತಿಭಾರದ ಶಿಲೆಯನ್ನಿಟ್ಟರು. ಇನ್ನೊಂದು ಕಡೆಗೆ ಹೀರಾನಂದಾನಿಯ ಗೋಪುರಗಳು. ಆ ಭಾಗದಲ್ಲಿಯೇ ಬಂಟರ ಸಂಘದ ಎಸ್. ಎಂ. ಶೆಟ್ಟಿ ವಿದ್ಯಾಸಂಸ್ಥೆ. ಕೆರೆಯಲ್ಲಿ ಮೊಸಳೆಗಳಿವೆ, ದಡದಲ್ಲಿ ಗಾಳ ಹಾಕುವವರಿದ್ದಾರೆ, ಮೇಲಿನ ಮಹಡಿಗಳಲ್ಲಿ ಇವೆಲ್ಲವನ್ನೂ ಗಾಜಿನೊಳಗಿಂದ ನೋಡುವವರಿದ್ದಾರೆ. ಕೆಳಗೆ ಚಹದ ಲೋಟ ಹಿಡಿದು ರಸ್ತೆ ದಾಟುವ ಹುಡುಗನಿಗೆ ಮಾತ್ರ ಯಾವುದನ್ನೂ ನೋಡಲು ಪುರಸತ್ತಿಲ್ಲ. ನಾನು 1995ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಈ ಊರಿಗೆ ಬಂದಾಗ ಅಂಥ ಹುಡುಗನೇ ಆಗಿದ್ದೆನು. ಮೊದಲ ಎರಡು ವರ್ಷ ಆ ಕೆರೆಯ ದಡಕ್ಕೆ ಒಂದು ಸಾರಿಯೂ ಹೋಗಲಿಲ್ಲವೆಂದರೆ ಈಗ ನನಗೇ ನಂಬುವುದು ಕಷ್ಟ.

ನಲವತ್ತು ದಾಟಿದ ಮೇಲೆ ವೈದ್ಯರು ನಡೆಯಬೇಕೆಂದರು. ಗಲ್ಲಾದ ಕುರ್ಚಿಯೂ ಸಂಪಾದಕನ ಕುರ್ಚಿಯೂ ದೇಹಕ್ಕೆ ಒಂದೇ ಬಗೆಯ ಅಪಕಾರವನ್ನು ಮಾಡುತ್ತವೆ. ಕೆರೆಯ ಸುತ್ತ ಸೈಕಲ್ಲಿನ ದಾರಿ ಮಾಡಲು ಮಹಾನಗರಪಾಲಿಕೆ ಹೊರಟಿತ್ತು. 2022ರ ಮೇ ತಿಂಗಳಿನಲ್ಲಿ ಹೈಕೋರ್ಟು ಆ ಕೆಲಸ ಕಾನೂನುಬಾಹಿರವೆಂದು ಹೇಳಿ ನಿಲ್ಲಿಸಿತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಪು. ಕೆರೆಯ ಅಂಚು ಕೆರೆಗೆ ಸೇರಿದ್ದು. ಏನೇ ಇರಲಿ, ನಡೆಯಲು ಜಾಗ ಹುಡುಕುತ್ತಿದ್ದ ನನ್ನನ್ನು ನಮ್ಮ ಹೋಟೆಲಿಗೆ ಇಪ್ಪತ್ತು ವರ್ಷಗಳಿಂದ ಬರುತ್ತಿರುವ ನಿವೃತ್ತ ಎಂಜಿನಿಯರರೊಬ್ಬರು ಒಂದು ಬೆಳಗ್ಗೆ ತಮ್ಮ ಕಾರಿನಲ್ಲಿ ಕೂರಿಸಿಕೊಂಡು, ಐರೋಲಿಯ ಸೇತುವೆ ದಾಟಿ, ಠಾಣೆ–ಬೇಲಾಪುರ ರಸ್ತೆಯನ್ನು ಹಿಡಿದು, ಖಾರ್ಘರಿಗೆ ಕರೆದೊಯ್ದರು. ಅಲ್ಲಿ ಬೆಟ್ಟದ ಬುಡದಲ್ಲಿ ಸಿಡ್ಕೋ ಸಂಸ್ಥೆಯವರು ಮಾಡಿಸಿದ ಗಾಲ್ಫ್ ಮೈದಾನವಿದೆ. ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು 1927ರದು, ಹಾಜಿ ಅಲಿಯ ಬಳಿಯ ವಿಲಿಂಗ್ಡನ್ ಕ್ಲಬ್ಬು ಅದಕ್ಕಿಂತಲೂ ಹಳೆಯದು. ಅವು ಸದಸ್ಯರ ಕ್ಲಬ್ಬುಗಳು. ಖಾರ್ಘರದ್ದು ಸರಕಾರಿ ನಿಗಮದ ಆಸ್ತಿ. ಸದಸ್ಯನಲ್ಲದವನೂ ಹಣ ಕೊಟ್ಟು ಆಡಬಹುದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಮಾತು ಬರುತ್ತದೆ.

ಆಟವನ್ನು ನೋಡದವರಿಗಾಗಿ ಎರಡು ಮಾತು. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಚೆಂಡು. ಅದನ್ನು ಕೋಲಿನಿಂದ ಹೊಡೆಯುತ್ತ ಮುನ್ನೂರು ನಾನೂರು ಗಜ ದೂರದಲ್ಲಿರುವ ಒಂದು ಕುಳಿಗೆ ಹಾಕಬೇಕು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ ನಮ್ಮ ಒಂದು ದೊಡ್ಡ ಇಡ್ಲಿಯಷ್ಟು. ನುರಿತವನು ಎಷ್ಟು ಏಟಿಗೆ ಹಾಕಬಲ್ಲನೆಂಬುದನ್ನು ಮೊದಲೇ ನಿಶ್ಚಯಿಸಿರುತ್ತಾರೆ. ಅದಕ್ಕೆ ಪಾರ್ ಎಂದು ಹೆಸರು. ಹದಿನೆಂಟು ಕುಳಿಗಳಿಗೆ ಸಾಧಾರಣವಾಗಿ 72, ಒಂಬತ್ತಕ್ಕೆ 36. ಹದಿನಾಲ್ಕು ಕೋಲುಗಳವರೆಗೆ ಕೊಂಡೊಯ್ಯಬಹುದು. ನನ್ನಂಥವನಿಗೆ ಏಳು ಧಾರಾಳ. ನೀರಿಗೆ ಬಿದ್ದರೆ ಒಂದು ಏಟು ದಂಡ. ಎದುರಾಳಿ ನಿಮ್ಮ ಚೆಂಡನ್ನು ಮುಟ್ಟುವುದಿಲ್ಲ, ಸಾಧಾರಣ ಆಟದಲ್ಲಿ ಅಂಪೈರನೂ ಇರುವುದಿಲ್ಲ. ತಪ್ಪನ್ನು ತಾನೇ ಮಾಡಿ, ತಾನೇ ಎಣಿಸಿ, ತಾನೇ ಬರೆದುಕೊಳ್ಳಬೇಕು. ಹೋಟೆಲಿನ ದಿನದ ಲೆಕ್ಕಕ್ಕಿಂತ ಇದು ಕಠಿಣವಾದ ಲೆಕ್ಕ.

ಕಳೆದ ಅಕ್ಟೋಬರದಲ್ಲಿ, ಮಳೆ ಹಿಂದಾದ ಹೊಸದರಲ್ಲಿ, ನಾವಿಬ್ಬರೂ ಅಲ್ಲಿ ಒಂಬತ್ತು ಕುಳಿಗಳನ್ನು ಆಡಿದೆವು. ಅಂದಿನ ಬೆಳಗನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಬೆಟ್ಟದ ಕಪ್ಪು ಬಂಡೆಗಳ ಮೇಲೆ ಇನ್ನೂ ನೀರು ಜಿನುಗುತ್ತಿದ್ದಿತು. ಪಾಂಡವಕಡಾ ಜಲಪಾತವಿರುವ ಆ ಬೆಟ್ಟದ ಸಾಲಿನ ನೆತ್ತಿಯಲ್ಲಿ ಮೋಡ ಕುಳಿತಿದ್ದಿತು. ಹುಲ್ಲಿನ ವಾಸನೆ ಮೂಗಿಗೆ ಬಿದ್ದಾಗ ನನಗೆ ನೆನಪಾದದ್ದು ಕಾರ್ಕಳದ ಕಡೆಯ ಗದ್ದೆಯ ಹುಣಿ. ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಂಥ ವಾಸನೆ ಹೊಟ್ಟೆಯಲ್ಲಿ ಏನೋ ಒಂದನ್ನು ಕಲಕುತ್ತದೆ. ಕಠಿಣವಾದ ಮೈದಾನದಲ್ಲಿ ಸಾಧಾರಣ ಆಟಗಾರನಿಗೆ ಏನು ಕೆಲಸವೆಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರವಿದೆ: ಮೈದಾನವನ್ನು ಪೂರ್ತಿಯಾಗಿ ನೋಡುವವನು ಸಾಧಾರಣ ಆಟಗಾರನೇ. ಬಲ್ಲವನು ನಟ್ಟನಡುವಿನ ಹಸುರಿನಲ್ಲಿ ನೆಟ್ಟಗೆ ನಡೆದುಹೋಗುತ್ತಾನೆ. ನಾವಾದರೋ ಚೆಂಡನ್ನರಸುತ್ತ ಬೇಲಿಯ ಮೂಲೆ, ಮರದ ಬುಡ, ಹಳ್ಳದ ದಂಡೆ, ಮರಳಿನ ಗುಂಡಿ ಇವೆಲ್ಲವನ್ನೂ ಸಂದರ್ಶಿಸುತ್ತೇವೆ. ಅಂದು ನಾನು ಕಂಡ ಮಿಂಚುಳ್ಳಿಯನ್ನು ನನ್ನ ಎಂಜಿನಿಯರ್ ಮಿತ್ರರು ಕಾಣಲಿಲ್ಲ. ಅವರ ಚೆಂಡು ಆ ಕಡೆಗೆ ಹೋಗಿಯೇ ಇರಲಿಲ್ಲ.

ಆದರೆ ಒಂದು ಕುಳಿಯ ವಿಷಯವನ್ನು ಇಲ್ಲಿ ವಿವರವಾಗಿ ಬರೆಯಲೇಬೇಕು. ಪಾರ್ ನಾಲ್ಕು. ಬೆಟ್ಟದಿಂದಿಳಿಯುವ ಹಳ್ಳವೊಂದು ಅಡ್ಡಲಾಗಿ ಹರಿಯುತ್ತದೆ. ಅದರಾಚೆಗೆ ಮರಳಿನ ಗುಂಡಿ, ಗುಂಡಿಯ ಹಿಂದೆ ಕುಳಿ. ನನ್ನ ಮೊದಲನೆಯ ಏಟು ನನ್ನ ಮಟ್ಟಿಗೆ ಚೆನ್ನಾಗಿಯೇ ಬಿತ್ತು. ಚೀಲ ಹೊತ್ತುಕೊಂಡಿದ್ದ ಕ್ಯಾಡಿಯು ಚಿಕ್ಕ ಕೋಲನ್ನು ತೆಗೆದು ಕೈಗೆ ಕೊಟ್ಟನು. ಹಳ್ಳದ ಈಚೆಗೇ ನಿಲ್ಲಿಸಿ, ಅಲ್ಲಿಂದ ನಿಧಾನವಾಗಿ ದಾಟಿಸಿರೆಂದು ಅವನ ಸಲಹೆ. ಇಪ್ಪತ್ತರ ಆಸುಪಾಸಿನ ಹುಡುಗ. ಆ ಮೈದಾನದ ಪ್ರತಿಯೊಂದು ಇಳಿಜಾರನ್ನೂ ಅಂಗೈಯಂತೆ ಬಲ್ಲವನು. ನಾನು ಆ ಕೋಲನ್ನು ಹಿಂದಕ್ಕೆ ಕೊಟ್ಟು ದೊಡ್ಡದನ್ನು ಕೇಳಿದೆನು. ಏಕೆಂದರೆ ಮಿತ್ರರ ಚೆಂಡು ಆಗಲೇ ಹಳ್ಳವನ್ನು ದಾಟಿದ್ದಿತು.

ಎರಡನೆಯ ಏಟು ನೀರಿಗೆ. ದಂಡ ಸೇರಿ ಮೂರಾಯಿತು. ನಾಲ್ಕನೆಯದೂ ನೀರಿಗೆ, ದಂಡ ಸೇರಿ ಐದು. ಹುಡುಗ ಏನನ್ನೂ ಮಾತಾಡದೆ ಮತ್ತೆ ಚಿಕ್ಕ ಕೋಲನ್ನು ಮುಂದೆ ಹಿಡಿದನು. ನಾನು ಮತ್ತೆ ಬೇಡವೆಂದೆನು. ಆರನೆಯದು ದಾಟಿತು, ಆದರೆ ಮರಳಿನ ಗುಂಡಿಗೆ ಬಿದ್ದಿತು. ಏಳನೆಯದು ಗುಂಡಿಯಲ್ಲಿಯೇ ಉಳಿಯಿತು. ಎಂಟಕ್ಕೆ ಹೊರಬಂದು, ಒಂಬತ್ತು ಹತ್ತರಲ್ಲಿ ಮುಗಿಯಿತು. ಹುಡುಗನ ಮಾತು ಕೇಳಿದ್ದರೆ ನನ್ನ ಕೈಯಲ್ಲೂ ಅದು ಆರಕ್ಕೆ ಮುಗಿಯುತ್ತಿತ್ತು.

ಒಂಬತ್ತು ಕುಳಿಗಳ ಕಡೆಗೆ ಮಿತ್ರರದು 43, ನನ್ನದು 56. ಈ ಎರಡು ಅಂಕಿಗಳನ್ನು ಎದುರುಬದುರಿಗಿಟ್ಟರೆ ಆಟವೇ ಅಲ್ಲವೆನ್ನಬೇಕು. ಆದರೆ ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬುದೊಂದಿದೆ. ಆಟಗಾರನ ಈಚಿನ ಇಪ್ಪತ್ತು ಲೆಕ್ಕಗಳಲ್ಲಿ ಉತ್ತಮವಾದ ಎಂಟನ್ನು ಆರಿಸಿ, ಅವುಗಳ ಸರಾಸರಿಯನ್ನು ಮೈದಾನದ ಕಾಠಿಣ್ಯಕ್ಕೆ ತೂಗಿನೋಡಿ ಅದನ್ನು ಗೊತ್ತುಮಾಡುತ್ತಾರೆ. 2020ರಿಂದ ಪ್ರಪಂಚಕ್ಕೆಲ್ಲ ಒಂದೇ ಪದ್ಧತಿ ಬಂದಿದೆ. ಹೆಚ್ಚೆಂದರೆ 54ರವರೆಗೆ ಸಿಗುತ್ತದೆ. ಉತ್ತಮವಾದ ಎಂಟನ್ನಷ್ಟೇ ಎಣಿಸುವುದರಿಂದ, ಮನುಷ್ಯನು ಹೆಚ್ಚಿನ ದಿನಗಳಲ್ಲಿ ತನ್ನ ಹ್ಯಾಂಡಿಕ್ಯಾಪಿನಷ್ಟು ಚೆನ್ನಾಗಿ ಆಡುವುದಿಲ್ಲವೆಂಬುದು ಬಲ್ಲವರಿಗೆಲ್ಲ ಗೊತ್ತು. ಮಿತ್ರರದು 6, ನನ್ನದು 24. ವ್ಯತ್ಯಾಸ 18; ಕುಳಿಗೊಂದರಂತೆ ನನಗೆ ರಿಯಾಯಿತಿ. ಒಂಬತ್ತು ಕಳೆದರೆ ನನ್ನದು 47. ನಾಲ್ಕು ಏಟುಗಳಿಂದ ಸೋತೆನು. ಆ ಹಳ್ಳದ ಕುಳಿಯಲ್ಲಿ ಹುಡುಗನ ಮಾತು ಕೇಳದೆ ಕಳೆದುಕೊಂಡವೂ ನಾಲ್ಕೇ.

ಮನೆಗೆ ಮರಳುವಾಗ ನಾನು ಎಣಿಸುತ್ತಿದ್ದುದು ಆ ನಾಲ್ಕನ್ನಲ್ಲ. 2013ರಲ್ಲಿ ಠಾಣೆಯ ಕಡೆ ಎರಡನೆಯ ಹೋಟೆಲು ತೆರೆದಾಗ ನಮ್ಮ ಹಿರಿಯ ಭಟ್ಟರು ನನಗೆ ಹೇಳಿದ್ದರು: “ಅಣ್ಣ, ಮೊದಲನೆಯದರ ಸಾಲ ತೀರಲಿ. ಬಾಡಿಗೆ ಜಾಸ್ತಿ; ಆ ಕಡೆ ಆಫೀಸುಗಳು ಇನ್ನೂ ಬಂದಿಲ್ಲ.” ಮೂವತ್ತೈದು ವರ್ಷ ಒಲೆಯ ಮುಂದೆ ನಿಂತವರ ಮಾತು. ನಾನು ಕೇಳಲಿಲ್ಲ. ಏಕೆಂದರೆ ನನ್ನ ಜೊತೆಗೆ ಮುಂಬಯಿಗೆ ಬಂದವನೊಬ್ಬನು ಆಗಲೇ ಮೂರನೆಯದನ್ನು ತೆರೆದಿದ್ದನು. 2016ರಲ್ಲಿ ಮುಚ್ಚಬೇಕಾಯಿತು. ಗಾಲ್ಫಿನಲ್ಲಿ ದಂಡವನ್ನು ಹೊಡೆದವನೇ ತೆರುತ್ತಾನೆ. ಹೋಟೆಲಿನಲ್ಲಿ ಹಾಗಲ್ಲ. ಹನ್ನೊಂದು ಜನ ಊರಿಗೆ ಹೋದರು. ಆದುದರಿಂದ ಆ ಸಹಿ ಇರುವ ಪತ್ರವನ್ನು ಓದಿದಾಗ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಏಕೆ ಬರಲಿಲ್ಲವೆಂದು ಮಾತ್ರ ಅನ್ನಿಸಿತು.

ಇನ್ನು ಅವರ ಮೂಲ ಪ್ರಶ್ನೆಗೆ ಬರೋಣ. ಗಾಲ್ಫ್ ಶ್ರೀಮಂತರ ಆಟವೆ? ನಮ್ಮ ದೇಶಕ್ಕೆ ಬಂದದ್ದು ಆಳುವವರ ಆಟವಾಗಿಯೇ ಎಂಬುದರಲ್ಲಿ ಸಂದೇಹವಿಲ್ಲ. ಕಲ್ಕತ್ತೆಯ ಕ್ಲಬ್ಬು 1829ರದು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯದು ಬೇರೊಂದಿಲ್ಲ. ಬೆಂಗಳೂರಿನದು 1876ರದು. ಕೋಲಾರದ ಚಿನ್ನದ ಗಣಿಯಲ್ಲಿಯೂ ದೊರೆಗಳ ಕ್ಲಬ್ಬಿಗೆ ಗಾಲ್ಫ್ ಮೈದಾನವಿದ್ದಿತು. ಒಬ್ಬರು ಬಿಸಿಲಿನಲ್ಲಿ ಚೆಂಡನ್ನು ಕುಳಿಗೆ ಹಾಕುತ್ತಿದ್ದರೆ, ಇನ್ನೊಬ್ಬರು ಸಾವಿರಾರು ಅಡಿಗಳ ಕತ್ತಲೆಯ ಕುಳಿಯಲ್ಲಿ ಕಲ್ಲು ಒಡೆಯುತ್ತಿದ್ದರು. ವಿಲಿಂಗ್ಡನ್ ಕ್ಲಬ್ಬನ್ನು ಅಂದಿನ ಗವರ್ನರರು 1918ರ ಸುಮಾರಿಗೆ ಸ್ಥಾಪಿಸಿದುದು ಭಾರತೀಯರಿಗೂ ಯುರೋಪಿಯನರಿಗೂ ಒಂದೇ ಬಾಗಿಲಿನಿಂದ ಪ್ರವೇಶ ದೊರೆಯಲೆಂದು. ಆ ಬಾಗಿಲಿನಲ್ಲಿ ಬಣ್ಣವನ್ನು ಕೇಳುವುದು ನಿಂತಿತು. ಹಣವನ್ನು ಕೇಳುವುದು ನಿಲ್ಲಲಿಲ್ಲ.

ಆದರೆ ಆಟ ಹುಟ್ಟಿದ ನಾಡಿನ ಸಂಗತಿ ಬೇರೆ. ಸ್ಕಾಟ್ಲೆಂಡಿನಲ್ಲಿ 1457ರಲ್ಲಿಯೇ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತು. ಜನರು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಇದರ ಹಿಂದೆ ಬಿದ್ದಿದ್ದರಂತೆ. ನಾಲ್ಕು ಜನ ಜಹಗೀರದಾರರು ಮಾತ್ರ ಆಡುತ್ತಿದ್ದ ಆಟಕ್ಕೆ ಕಾನೂನು ಮಾಡುವ ಕಷ್ಟವನ್ನು ಯಾವ ಪಾರ್ಲಿಮೆಂಟೂ ತೆಗೆದುಕೊಳ್ಳುವುದಿಲ್ಲ. ಸೇಂಟ್ ಆಂಡ್ರೂಸ್ ಎಂಬಲ್ಲಿಯ ಮೈದಾನ ಜಗತ್ತಿನಲ್ಲಿಯೇ ಪ್ರಸಿದ್ಧವಾದದ್ದು. ಒಂದು ಸುತ್ತಿಗೆ ಹದಿನೆಂಟು ಕುಳಿಗಳೆಂಬ ರೂಢಿಯ ಮೂಲ 1764ರಲ್ಲಿ ಅಲ್ಲಿ ಆದ ಏರ್ಪಾಡು. ಇಂದಿಗೂ ಅದು ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ, ಸಾರ್ವಜನಿಕರದು. ಅಲ್ಲಿಯ ಅತ್ಯಂತ ಹಳೆಯ ಮೈದಾನಕ್ಕೆ ರವಿವಾರ ಸಾಮಾನ್ಯವಾಗಿ ರಜೆ. ಅಂದು ಊರಿನವರು ಹೆಂಡಿರುಮಕ್ಕಳೊಡನೆ ನಾಯಿ ಹಿಡಿದುಕೊಂಡು ಅದರ ಮೇಲೆ ತಿರುಗಾಡುತ್ತಾರೆ. ಆಟವನ್ನು ಶ್ರೀಮಂತಗೊಳಿಸಿದ್ದು ಚೆಂಡೂ ಅಲ್ಲ, ಕೋಲೂ ಅಲ್ಲ, ಗೇಟು.

ಗೇಟಿನೊಳಗೆ ಚೀಲ ಹೊತ್ತು ಹೋದ ಹುಡುಗರ ಕಥೆಯನ್ನೂ ನಮ್ಮ ವಾಚಕರು ತಿಳಿದಿರಬೇಕು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೊಮ್ಮೆ ಗೆದ್ದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅದೇ ಪಂದ್ಯವನ್ನು 2009ರಲ್ಲಿ ಗೆದ್ದರು. ಕೊರಿಯದ ಆಟಗಾರನೊಬ್ಬನೊಡನೆ ಸಮವಾಗಿ, ಹೆಚ್ಚುವರಿ ಆಟದಲ್ಲಿ ತೀರ್ಮಾನವಾದ ಪಂದ್ಯ ಅದು. ಬಿಡದಿಯ ಸಮೀಪದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ತಂಡದಲ್ಲಿದ್ದರು. ನಮ್ಮ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಲೇ ದೋಸೆಯ ಹದವನ್ನು ಕಣ್ಣಿನಿಂದ ಕಲಿತು, ಕಡೆಗೆ ಭಟ್ಟರಾದವರು ಎಷ್ಟು ಮಂದಿಯಿಲ್ಲ? ಇವರೂ ಹಾಗೆಯೇ. ಭೇದವೆಂದರೆ, ನಮ್ಮಲ್ಲಿ ಹುಡುಗನಿಗೆ ಒಂದಲ್ಲ ಒಂದು ದಿನ ಕಾವಲಿಯ ಮುಂದೆ ನಿಲ್ಲುವ ಅವಕಾಶ ಸಿಗುತ್ತದೆ. ಕ್ಯಾಡಿಗೆ ಕೋಲು ಹಿಡಿಯಲು ಕ್ಲಬ್ಬಿನ ಕೃಪೆ ಬೇಕು.

ಅದಿತಿ ಅಶೋಕರ ವೃತ್ತಾಂತವಂತೂ ನಮ್ಮ ಉದ್ಯಮಕ್ಕೇ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಗಾಲ್ಫ್ ಮೈದಾನಕ್ಕೆ ಎದುರಾಗಿದ್ದ ಉಪಾಹಾರಗೃಹಕ್ಕೆ ತಂದೆತಾಯಿಗಳೊಡನೆ ತಿಂಡಿಗೆ ಹೋಗುತ್ತಿದ್ದ ಐದಾರು ವರ್ಷದ ಹುಡುಗಿ ಮೈದಾನದ ಕಡೆಗೆ ಕುತೂಹಲದಿಂದ ನೋಡಿದಳು, ಅಲ್ಲಿಂದ ಆರಂಭ. ಆ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಗಾಲ್ಫ್ ಆಡಿದವರಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ತಂದೆ ಅವರ ಚೀಲ ಹೊತ್ತರು, 2021ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ ತಾಯಿ ಹೊತ್ತರು. ಟೋಕಿಯೋದಲ್ಲಿ ನಾಲ್ಕು ದಿನಗಳ 72 ಕುಳಿಗಳಿಗೆ ಅವರದು 269 ಏಟು. ಒಂದೇ ಒಂದು ಏಟಿನಿಂದ ಪದಕ ತಪ್ಪಿ ನಾಲ್ಕನೆಯವರಾದರು. ಹಾಂಗ್‌ಝೌದಲ್ಲಿ ಮೂರನೆಯ ದಿನದ ಕೊನೆಗೆ ಏಳು ಏಟುಗಳಿಂದ ಮುಂದಿದ್ದು, ಕೊನೆಯ ದಿನ 77 ಹೊಡೆದು ಬೆಳ್ಳಿಗೆ ಇಳಿದರು. ಏಳು ಏಟು! ಹಳ್ಳದ ಮುಂದೆ ನಿಂತ ನನ್ನಂಥವರಿಗೆ ಇದರಲ್ಲಿ ಸ್ವಲ್ಪ ಸಮಾಧಾನವಿದೆಯೆಂದರೆ ಅದಿತಿಯವರು ಕ್ಷಮಿಸಬೇಕು.

ಪತ್ರಲೇಖಕರು ಹೇಳದ ಆಕ್ಷೇಪಣೆಯೊಂದನ್ನು ನಾನೇ ಅವರ ಪರವಾಗಿ ಹೇಳುತ್ತೇನೆ. ಗಾಲ್ಫ್ ಮೈದಾನಕ್ಕೆ ನೂರಾರು ಎಕರೆ ನೆಲ ಬೇಕು, ಬೇಸಗೆಯಲ್ಲಿ ಅಪಾರ ನೀರು ಬೇಕು. ಮೇ ತಿಂಗಳಿನಲ್ಲಿ ನೀರಿನ ಕಡಿತವಾದಾಗ ಟ್ಯಾಂಕರಿಗೆ ಫೋನು ಮಾಡಿ ಕಾಯುವ ಹೋಟೆಲಿನವನಿಗೆ ಹಸುರು ಹುಲ್ಲನ್ನು ಕಂಡರೆ ಹೊಟ್ಟೆಯುರಿಯುವುದು ಸಹಜ. ಊರಿನ ನಡುವೆ ಅಷ್ಟು ನೆಲ ಕೆಲವೇ ಜನರಿಗೆ ಮೀಸಲಾಗಿರುವುದನ್ನು ನಾನು ಸಮರ್ಥಿಸಲಾರೆ. ಹಾಗೆಂದು ಅವನ್ನು ಕಿತ್ತುಹಾಕಿದರೆ ಅಲ್ಲಿ ನಮಗೆ ಉದ್ಯಾನ ಸಿಗುತ್ತದೆಂದು ನಂಬುವಷ್ಟು ಮುಗ್ಧನೂ ನಾನಲ್ಲ; ಈ ಊರಿನಲ್ಲಿ ಬರಿದಾದ ನೆಲದ ಮೇಲೆ ಏನು ಏಳುತ್ತದೆಂಬುದನ್ನು ಪವಾಯಿಯಲ್ಲಿ ಕುಳಿತವನಿಗೆ ಹೇಳಿಕೊಡಬೇಕಾಗಿಲ್ಲ. ಮೈದಾನವನ್ನು ಮುಚ್ಚುವ ಮಾತು ಬೇಡ, ತೆರೆಯುವ ಮಾತನ್ನಾಡೋಣ. ಸಿಡ್ಕೋದಂಥ ಸಂಸ್ಥೆಯ ಮೈದಾನ ಸಾರ್ವಜನಿಕ ಸೊತ್ತು. ವಾರದಲ್ಲಿ ಒಂದು ದಿನ, ಆಟ ತೆಳುವಾಗಿರುವ ಹೊತ್ತಿನಲ್ಲಿ, ಕಡಿಮೆ ದರಕ್ಕೆ, ಕೋಲುಗಳನ್ನೂ ಬಾಡಿಗೆಗೆ ಕೊಟ್ಟು ಕೂಲಿಕಾರರನ್ನೂ ಗುಮಾಸ್ತರನ್ನೂ ಒಳಗೆ ಬಿಟ್ಟರೆ ಹುಲ್ಲು ಸವೆಯುವುದಿಲ್ಲ. ನಾನು ಅಂದು ಅಲ್ಲಿ ತೆತ್ತ ಒಟ್ಟು ಹಣ ನನ್ನ ಹೋಟೆಲಿನ ಸಪ್ಲೈಯರನೊಬ್ಬನ ಕೆಲವು ದಿನಗಳ ಸಂಬಳವಾಗಿದ್ದಿತು. ಮನಸ್ಸಿಗೆ ಚುಚ್ಚಿದರೂ ತೆತ್ತೆನು, ಇದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನು ಆ ಸಂಘದ ಪಂದ್ಯ. ಮಾಲಕರು ಆಡಬಾರದೆಂದು ನಾನು ಹೇಳುವುದಿಲ್ಲ. ಹದಿನಾರರ ವಯಸ್ಸಿನಿಂದ ಹೊಗೆ ಕುಡಿದವರು ಐವತ್ತರಲ್ಲಿ ನಾಲ್ಕು ಹೆಜ್ಜೆ ಹುಲ್ಲಿನ ಮೇಲೆ ನಡೆದರೆ ಯಾರಿಗೆ ನಷ್ಟ? ನನ್ನ ತಕರಾರು ಬೇರೆ. ಪಂದ್ಯದ ಪ್ರವೇಶಧನದಿಂದ ವಿದ್ಯಾರ್ಥಿನಿಧಿಗೆ ಸಹಾಯವಾಗುವುದೆಂದು ಆಮಂತ್ರಣದಲ್ಲಿ ಅಚ್ಚಾಗಿದ್ದಿತು. ಬಂದದ್ದೆಷ್ಟು, ಊಟಕ್ಕೂ ಪಾರಿತೋಷಕಗಳಿಗೂ ಹೋದದ್ದೆಷ್ಟು, ನಿಧಿಗೆ ಸೇರಿದ್ದೆಷ್ಟೆಂದು ನಾನು ಎರಡು ಸಾರಿ ಕೇಳಿದೆನು. ವಾರ್ಷಿಕ ಸಭೆಯಲ್ಲಿ ತಿಳಿಯುವುದೆಂಬ ಉತ್ತರ ಬಂದಿತು. ತಿಳಿದ ಕೂಡಲೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ. ತಿಳಿಯದಿದ್ದರೆ ಅದನ್ನೂ ಪ್ರಕಟಿಸುತ್ತೇನೆ.

ಇದನ್ನು ಇಷ್ಟು ಹಟದಿಂದ ಕೇಳುವುದಕ್ಕೆ ಕಾರಣವಿದೆ. ಹ್ಯಾಂಡಿಕ್ಯಾಪಿನ ವಿಷಯವನ್ನು ನಾನು ವಿವರಿಸಿದ್ದು ಆಟದ ಮೋಜಿಗಾಗಿ ಅಲ್ಲ. 24ರವನು 6ರವನೊಡನೆ ಸರಿಸಮನಾಗಿ ನಿಲ್ಲುವುದಕ್ಕೆ ಯಾರ ದಯೆಯೂ ಬೇಡ, ಅದು ನಿಯಮ. ರಿಯಾಯಿತಿ ಪಡೆದವನಿಗೆ ನಾಚಿಕೆಯಿಲ್ಲ, ಕೊಟ್ಟವನಿಗೆ ಗರ್ವವಿಲ್ಲ. ನಮ್ಮ ಉದ್ಯಮದಲ್ಲಿ ಇಂಥ ನಿಯಮವಿಲ್ಲ. ತಂದೆಗೆ ಮೂರು ಹೋಟೆಲುಗಳಿರುವ ಹುಡುಗನೂ, ಎಂಟನೆಯ ತರಗತಿಗೆ ಶಾಲೆ ಬಿಟ್ಟು ಬಸ್ಸು ಹತ್ತಿದವನೂ ಒಂದೇ ಗೆರೆಯಿಂದ ಓಟ ಹೊರಡಬೇಕು. ಹಾಗಿರಲಾಗಿ ಒಂದು ಕಾಲದಲ್ಲಿ ನಮ್ಮ ಹಿರಿಯರು ತಾವಾಗಿಯೇ ಒಂದು ಹ್ಯಾಂಡಿಕ್ಯಾಪನ್ನು ಏರ್ಪಡಿಸಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆ, ಇಂಥವುಗಳೇ ಅವು. ಹಗಲಿಡೀ ಟೇಬಲು ನೋಡಿ, ಸಂಜೆ ಸ್ಲೇಟು ಹಿಡಿದ ಹುಡುಗರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ. ಆ ಕಾಲ ಕಳೆಯಿತು. ಹಲವು ರಾತ್ರಿಶಾಲೆಗಳು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಹಾಕಿದವು. ಈಗ ನಮ್ಮ ಅಡುಗೆಮನೆಗಳಲ್ಲಿ ಒಡಿಶಾ, ಬಿಹಾರ, ನೇಪಾಳದ ಹುಡುಗರೇ ಹೆಚ್ಚು. ಅವರಿಗೆ ಕನ್ನಡದ ಪಾಠ ಬೇಡ, ಆದರೆ ಪಾಠವೇ ಬೇಡವೆಂದಲ್ಲ. ಆ ಏಟುಗಳನ್ನು ಬಿಟ್ಟುಕೊಡುವ ಪದ್ಧತಿ ನಮ್ಮವರಲ್ಲಿ ನಿಂತುಹೋಗಿದೆಯೇ ಎಂಬುದು ನನ್ನ ಚಿಂತೆ. ಪ್ರವೇಶಧನದ ಲೆಕ್ಕವನ್ನು ನಾನು ಕೇಳುವುದು ಅದಕ್ಕೋಸ್ಕರ.

ನಾಲ್ಕು ಕಾಲಮಿನ ಚಿತ್ರದ ವಿಷಯದಲ್ಲಿ ಪತ್ರಲೇಖಕರು ಹೇಳಿದ್ದು ಸರಿ, ನಾನು ಮಾಡಿದ್ದು ತಪ್ಪು. ಹಳೆಯ ಸಂಚಿಕೆಯನ್ನು ತೆಗೆದು ನೋಡಿದೆನು. ಅದೇ ದಿನ ಒಳಪುಟದಲ್ಲಿ, ಹೋಟೆಲಿನಲ್ಲಿ ದುಡಿಯುತ್ತಲೇ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾದ ಹುಡುಗನೊಬ್ಬನ ಸುದ್ದಿ ಒಂದು ಕಾಲಮಿನಲ್ಲಿ, ಚಿತ್ರವಿಲ್ಲದೆ ಬಂದಿದೆ. ಪುಟ ಕಟ್ಟುವವರನ್ನು ಇದಕ್ಕೆ ದೂರುವಂತಿಲ್ಲ. ಅಂದು ರಾತ್ರಿ ಪುಟವನ್ನು ನೋಡಿ ಒಪ್ಪಿಗೆ ಕೊಟ್ಟವನು ನಾನೇ. ಚಿತ್ರದಲ್ಲಿ ಬಲಗಡೆಯ ತುದಿಗೆ ಇಬ್ಬರು ಕ್ಯಾಡಿಗಳೂ ಇದ್ದಾರೆ. ಕೆಳಗೆ ಮಾಲಕರೆಲ್ಲರ ಹೆಸರುಗಳಿವೆ, ಅವರಿಬ್ಬರ ಹೆಸರಿಲ್ಲ. ಖಾರ್ಘರದಲ್ಲಿ ನನಗೆ ಎರಡು ಸಾರಿ ಚಿಕ್ಕ ಕೋಲನ್ನು ಕೊಟ್ಟ ಹುಡುಗನ ಹೆಸರನ್ನು ನಾನು ಕೂಡ ಕೇಳಿದ್ದು ಒಂಬತ್ತನೆಯ ಕುಳಿ ಮುಗಿದ ಮೇಲೆ, ಹಣ ಕೊಡುವಾಗ.

ಪತ್ರ ಬರೆದವರಿಗೆ ಇನ್ನೊಂದು ಮಾತು ಹೇಳುವುದಿದೆ. 2016ರಲ್ಲಿ ಎರಡನೆಯ ಹೋಟೆಲು ಮುಚ್ಚಿದಾಗ ಹನ್ನೊಂದು ಜನರಿಗೂ ಎರಡು ತಿಂಗಳ ಸಂಬಳ ಬಾಕಿಯಿದ್ದಿತು. ಅಂದು ಕೊಡಲು ಸಾಧ್ಯವಾದದ್ದು ಒಂದು ತಿಂಗಳದು. ಉಳಿದದ್ದನ್ನು ಮುಂದಿನ ಮೂರು ವರ್ಷಗಳಲ್ಲಿ ಒಂಬತ್ತು ಜನರಿಗೆ ಮುಟ್ಟಿಸಿದೆನು. ಇಬ್ಬರ ವಿಳಾಸ ಸಿಗಲಿಲ್ಲ. ಒಬ್ಬರು ಕುಂದಾಪುರದ ಕಡೆಯವರು, ಇನ್ನೊಬ್ಬರು ಕಾಸರಗೋಡಿನ ಕಡೆಯವರು. ಪತ್ರಲೇಖಕರು ಆ ಒಂಬತ್ತರಲ್ಲಿ ಒಬ್ಬರೋ, ಈ ಇಬ್ಬರಲ್ಲಿ ಒಬ್ಬರೋ ನಾನರಿಯೆ. ಮುಂದಿನ ಮಂಗಳವಾರ ಬೆಳಗಿನ ಐದೂವರೆಗೆ ನಾನು ಖಾರ್ಘರಿಗೆ ಹೊರಡುವವನಿದ್ದೇನೆ. ಪವಾಯಿ ಕೆರೆಯ ಗಣೇಶ ಘಾಟಿನ ಬಳಿ ಆರರ ತನಕ ಕಾಯುತ್ತೇನೆ. ಅವರು ಬಂದರೆ ಅವರಿಗೂ ಕೋಲುಗಳಿವೆ, ಚೀಲವನ್ನು ನಾನು ಹೊರುತ್ತೇನೆ. ಆಟ ಬೇಡವೆನ್ನುವುದಾದರೆ ಕಚೇರಿಗೆ ಯಾವ ದಿನವಾದರೂ ಸಂಜೆ ನಾಲ್ಕರ ಮೇಲೆ ಬರಬಹುದು. ಆ ಇಬ್ಬರ ಸಂಬಳವು ಎರಡು ಲಕೋಟೆಗಳಲ್ಲಿ, ಹೆಸರು ಬರೆದು, ನನ್ನ ಮೇಜಿನ ಬಲಗಡೆಯ ಖಾನೆಯಲ್ಲಿದೆ.